ಚನ್ನಬಸಮ್ಮನವರ ಗೀಚಿದ ಪುಸ್ತಕಗಳು

ಚನ್ನಬಸಮ್ಮನವರ ಬಗ್ಗೆ ಹೇಳಹೊರಟರೆ ನನಗೆ ಮೊದಲು ಸಿಟ್ಟು ಬರುತ್ತದೆ, ಮಾತು ಆಮೇಲೆ.

ತಿ. ನರಸೀಪುರದ ನಮ್ಮ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಲೈಬ್ರರಿಯನ್ ಆಗಿದ್ದವರು. ನಂಜನಗೂಡಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಪುಸ್ತಕ ಕೇಳಿದರೆ ಸುಮ್ಮನೆ ಕೊಡುವ ಪೈಕಿಯಲ್ಲ.

"ಪುಸ್ತಕದ ಎಸ್ರು ಆಮೇಲೆ. ನಿಂಗೆ ಗೊತ್ತಾಗ್ಬೇಕಾಗಿರೋದು ಏನು, ಅದ್ನ ಯೋಳು ಮೊದ್ಲು."

ಹೇಳಲು ಬರದಿದ್ದರೆ ಹೊರಗಿನ ಬೆಂಚಿನ ಮೇಲೆ ಕೂತು ಯೋಚಿಸಬೇಕು. ಹೆಮ್ಮಿಗೆಯ ರೈತನ ಮಗನಾದ ನಾನು, ಎಂ.ಎ. ಮುಗಿಸಿದ ಜಂಬದಲ್ಲಿ ಹೋಗಿ ಮೂರು ದಿನ ಕೂತಿದ್ದೇನೆ. ನಾಲೆಯ ನೀರು ಹಂಚುವ ಹಳೆಯ ಕಟ್ಟುಪಾಡಿನ ಮೇಲೆ ನಾನು ಪಿಎಚ್.ಡಿ. ಮಾಡಿದ್ದು ಆ ಬೆಂಚಿನ ಪುಣ್ಯ. ಗೈಡ್ ಎಂದು ಹೆಸರು ಹಾಕಿಸಿಕೊಂಡವರು ಬೇರೆ ಇದ್ದರು, ದಾರಿ ತೋರಿಸಿದವರು ಇವರು.

ಪ್ರತಿ ಪುಸ್ತಕದ ಹಿಂದಿನ ರಟ್ಟಿಗೆ ಅವರು ಒಂದು ಹಾಳೆ ಅಂಟಿಸುತ್ತಿದ್ದರು. ವಾಪಸು ಕೊಡುವಾಗ ಅದರಲ್ಲಿ ಬರೆಯಲೇಬೇಕು: ಏನು ಹುಡುಕಿದೆ, ಯಾವ ಪುಟದಲ್ಲಿ ಸಿಕ್ಕಿತು, ಪುಸ್ತಕ ಎಲ್ಲಿ ತಪ್ಪು ಹೇಳಿದೆ. ಮುಂದಿನವರು ಅದನ್ನು ಓದಿಕೊಂಡು ಕೆಲಸ ಶುರುಮಾಡುತ್ತಿದ್ದರು.

ಅವರು ನಿವೃತ್ತರಾದರು. ಆ ಜಾಗಕ್ಕೆ ಮನುಷ್ಯರು ಬರಲಿಲ್ಲ, ಒಂದು ಕಂಪ್ಯೂಟರ್ ಬಂತು. ಕಳೆದ ವರ್ಷ ತಪಾಸಣೆ ಇದೆಯೆಂದು "ಹರಿದ, ಗೀಚಿದ ಪುಸ್ತಕ"ಗಳನ್ನು ತೆಗೆದುಹಾಕಲು ಪ್ರಿನ್ಸಿಪಾಲರು ಹುಕುಂ ಹೊರಡಿಸಿದರು. ಗೀಚಿದ್ದಂತೆ! ಬರೆದ ಹಾಳೆ ಇದ್ದದ್ದೆಲ್ಲ ಪಟ್ಟಿಗೆ ಸೇರಿತು. ಯಾರೂ ಮುಟ್ಟದ ಪುಸ್ತಕಗಳು ಬೀರುವಿನಲ್ಲಿ ಉಳಿದವು, ಓದಿಸಿಕೊಂಡವು ಗುಜರಿಗೆ ಹೋದವು. ಮಂಗನ ಕೈಗೆ ಮಾಣಿಕ್ಯ ಕೊಟ್ಟರೆ ಇನ್ನೇನಾಗುತ್ತದೆ?

ಆ ಮಂಗಗಳಲ್ಲಿ ನಾನೂ ಒಬ್ಬ. ಪಟ್ಟಿಗೆ ನಮ್ಮ ಅಧ್ಯಾಪಕರಲ್ಲಿ ಮೂವರ ಸಹಿ ಬೇಕಿತ್ತು. ಕ್ಲಾಸಿಗೆ ಹೊತ್ತಾಯಿತೆಂದು, ಒಂದು ಪುಸ್ತಕವನ್ನೂ ತೆರೆಯದೆ, ನಿಂತಲ್ಲೇ ಸಹಿ ಹಾಕಿದೆ. ಉಂಡ ಮನೆಗೆ ದ್ರೋಹ ಬಗೆದವನು.

ಈ ಜೂನಿನಲ್ಲಿ ನನ್ನ ವಿದ್ಯಾರ್ಥಿನಿ ನಯನ ತಲಕಾಡು ಕಡೆಯ ನಾಲೆಗಳ ಮೇಲೆ ಸಂಶೋಧನೆಗೆ ಹೊರಟಳು. ಬೇಕಾದ ಹಳೆಯ ನೀರಾವರಿ ವರದಿ ಕಂಪ್ಯೂಟರಿನಲ್ಲಿ ಇಲ್ಲ, ಮೈಸೂರಿನಲ್ಲೂ ಸಿಗಲಿಲ್ಲ. ತಿಂಗಳೊಳಗೆ ವಿಷಯ ನೋಂದಾಯಿಸದಿದ್ದರೆ ಅವಳ ಸೀಟು ಹೋಗುತ್ತಿತ್ತು. ಗತಿಯಿಲ್ಲದೆ ಅವಳನ್ನು ನಂಜನಗೂಡಿಗೆ, ಚನ್ನಬಸಮ್ಮನವರ ಮನೆಗೆ ಕರೆದೊಯ್ದೆ.

ನನ್ನ ಮುಖ ನೋಡಲಿಲ್ಲ. "ಏನ್ ಗೊತ್ತಾಗ್ಬೇಕವ್ವ ನಿಂಗೆ?" ಎಂದು ನಯನಳನ್ನು ಕೇಳಿದರು. ಪೂರ್ತಿ ಕೇಳಿಸಿಕೊಂಡು, ಒಳಗಿಂದ ಅದೇ ವರದಿ ತಂದಿಟ್ಟರು.

"ಸುದ್ದಿ ಗೊತ್ತಾದ್ ದಿನ ಗುಜರಿ ಅಂಗ್ಡೀಲಿ ಕೂತು ಆರಿಸ್ದೆ. ಉಳ್ದಿದ್ದು ಒಂದಿಪ್ಪತ್ತು. ಹಿಂದ್ಲು ಹಾಳೆ ಓದು ಮೊದ್ಲು."

ನಯನ ಜೋರಾಗಿ ಓದಿದಳು: "ನೀರಿನ ಸರದಿ ಹುಡುಕಿದೆ. ಎಂಬತ್ತೆಂಟನೇ ಪುಟದ ಪಟ್ಟಿ ತಪ್ಪು. ಹೆಮ್ಮಿಗೆಯ ಹಿರಿಯರನ್ನು ಕೇಳಿ. ಸೋಮಶೇಖರ್." ನನ್ನತ್ತ ತಿರುಗಿದಳು. "ಸರ್, ಇದು ನೀವೇ ಅಲ್ವಾ?"

"ಅವ್ನೇ ಕಣವ್ವ," ಎಂದರು ಚನ್ನಬಸಮ್ಮ. "ಗುಜರಿ ಮೂಟೇಲಿ ಇನ್ನೊಂದು ಪಟ್ಟಿ ಸಿಕ್ತು. ಅದ್ರಲ್ಲೂ ಇದೇ ಸಹಿ ಇತ್ತು. ಏನ್ ಹುಡುಕ್ತಿದ್ದ ಅಂತ ಮಾತ್ರ ಬರ್ದಿರ್ಲಿಲ್ಲ."

ನಾನು ಎದ್ದು ಹೊರಗೆ ಹೋಗಿ ಜಗಲಿಯ ಮೇಲೆ ಕೂತೆ. ಒಳಗೆ ನಯನಳ ಪಾಠ ಶುರುವಾಗಿತ್ತು. ನನ್ನನ್ನು ಯಾರೂ ಒಳಗೆ ಕರೆಯಲಿಲ್ಲ.