ಸುನಂದಕ್ಕನ ಕೈ

ಆಗೆಲ್ಲ ವಿದೇಶದ ವಿಮಾನ ನಿಲ್ದಾಣವೊಂದರ ಪಕ್ಕ, ಫೆಲ್ಥಮ್‌ನ ನಮ್ಮ ಮನೆಯಲ್ಲಿ ಸಂಜೆಯ ಜಪಸರ ವಿಮಾನಗಳ ಮರ್ಜಿಯಂತೆ ನಡೆಯುತ್ತಿತ್ತು. ತಲೆಯ ಮೇಲೆ ವಿಮಾನ ಗುಡುಗಿದರೆ, ಉಡುಪಿಯಿಂದ ಬಂದಿದ್ದ ಅಜ್ಜಿ ಮಣಿಯನ್ನು ಬೆರಳಲ್ಲೇ ಹಿಡಿದು ಪ್ರಾರ್ಥನೆ ನಿಲ್ಲಿಸುತ್ತಿದ್ದರು. ದೇವರಿಗೆ ಕೇಳುತ್ತದೆ ಬಿಡಿ ಎಂದು ಮಮ್ಮಿ ನಕ್ಕರೆ, "ನನಗೂ ಕೇಳಬೇಕಲ್ಲ ಮಾರಾಯ್ತಿ" ಎನ್ನುತ್ತಿದ್ದರು.

ಜಪ ಮುಗಿದ ಮೇಲೆ ಬೆಸಾಂವ್. ಕಿರಿಯರು ಕೈಮುಗಿದು ಮನೆಯ ಹಿರಿಯರೊಬ್ಬೊಬ್ಬರ ಮುಂದೆಯೂ ನಿಂತು ಆಶೀರ್ವಾದ ಕೇಳುವುದು, ಅವರು ತಲೆಯ ಮೇಲೆ ಕೈಯಿಟ್ಟು ದೇವರು ಒಳ್ಳೆಯದು ಮಾಡಲಿ ಎನ್ನುವುದು. ಅದಾಗದೆ ಊಟಕ್ಕೆ ಕೂರುವಂತಿರಲಿಲ್ಲ. ನನಗಾಗ ಏಳು ವರ್ಷ. ಹುರಿದ ಬಂಗುಡೆಯ ಘಮ ಬಂದಷ್ಟೂ ನನ್ನ ಭಕ್ತಿ ಚುರುಕಾಗುತ್ತಿತ್ತು.

ಆ ಚಳಿಗಾಲ ನಮ್ಮ ಮೇಲಿನ ಕೋಣೆಯಲ್ಲಿ ಧಾರವಾಡದ ಸುನಂದಕ್ಕ ಮತ್ತು ಅವರ ಗಂಡ ಬಾಡಿಗೆಗಿದ್ದರು. ಗಂಡನಿಗೆ ಪಾರ್ಕ್ ರಾಯಲ್‌ನ ಗೋದಾಮಿನಲ್ಲಿ ಕೆಲಸ, ಬರುವಾಗ ತಡವಾಗುತ್ತಿತ್ತು. ಸುನಂದಕ್ಕ ಬಸುರಿ. ಮೊದಲಿನ ಬಸಿರು ನಿಂತಿರಲಿಲ್ಲವಾದ್ದರಿಂದ ಅವರಿಗೆ ವಿಪರೀತ ಹೆದರಿಕೆ. ಸ್ಕ್ಯಾನ್ ಹತ್ತಿರ ಬಂದರೆ ಬಡಿದ ರೊಟ್ಟಿ ತಟ್ಟೆಯಲ್ಲೇ ಉಳಿಯುತ್ತಿತ್ತು. ಏನೂ ಆಗಲ್ಲ, ಧೈರ್ಯವಾಗಿರಿ ಎಂದು ಎಲ್ಲರೂ ಹೇಳುತ್ತಿದ್ದರು. ಅವರು ತಲೆಯಾಡಿಸುತ್ತಿದ್ದರು, ರೊಟ್ಟಿ ಮಾತ್ರ ಮುಟ್ಟುತ್ತಿರಲಿಲ್ಲ. ಸಂಜೆ ಒಬ್ಬರೇ ಇರಲಾರದೆ ಮೆಟ್ಟಿಲ ಮೇಲೆ ಕೂತು ನಮ್ಮ ಜಪ ಕೇಳುತ್ತಿದ್ದರು.

ಸ್ಕ್ಯಾನಿನ ಹಿಂದಿನ ಸಂಜೆ ನಾನು ಮನೆಯವರ ಬೆಸಾಂವ್ ಮುಗಿಸಿ ಸುನಂದಕ್ಕನ ಮುಂದೆಯೂ ಹೋಗಿ ನಿಂತೆ. ಹಿರಿಯರೆಂದರೆ ಹಿರಿಯರು. ಕುಂಕುಮ ಇಡುವ ಅವರಿಗೆ ಈ ಪದ್ಧತಿ ಗೊತ್ತಿರಲಾರದು ಎಂಬುದು ನನಗೆ ಹೊಳೆಯಲೇ ಇಲ್ಲ.

"ಏನ ಬೇಕವ್ವಾ?"

"ಬೆಸಾಂವ್. ತಲೆ ಮೇಲೆ ಕೈಯಿಟ್ಟು, ದೇವರು ಒಳ್ಳೇದು ಮಾಡ್ಲಿ ಅನ್ಬೇಕು."

ಸುನಂದಕ್ಕ ಕೈಗಳನ್ನು ಸ್ವೆಟರಿನ ತೋಳಿನೊಳಗೆ ಎಳೆದುಕೊಂಡರು. "ಬ್ಯಾಡವ್ವಾ. ನನ್ನ ಕೈ ಛಲೋ ಇಲ್ಲ. ನಂದ ನನಗ ಉಳದಿಲ್ಲ."

ಮಮ್ಮಿ ನನ್ನನ್ನು ಹಿಂದಕ್ಕೆ ಕರೆದರು. ಅಜ್ಜಿ ತಡೆದು, ಮಂಡಿ ಹಿಡಿದುಕೊಂಡು ಮೆಟ್ಟಿಲ ಬುಡಕ್ಕೆ ಬಂದರು.

"ದೇವರು ಕೊಟ್ಟ ಕೈಗೆ ಎಂತ ಆಗಿದೆ ಮಗಾ? ಹೆದರಬೇಡ ಅಂತ ನಾನು ಹೇಳುವುದಿಲ್ಲ. ಯೇಸು ಸ್ವಾಮಿಗೂ ಶಿಲುಬೆಗೇರುವ ಹಿಂದಿನ ರಾತ್ರಿ ಹೆದರಿಕೆ ಆಗಿತ್ತು, ಬೆವರಿಹೋಗಿದ್ದ. ನೀನು ಹೆದರಿಕೊಂಡೇ ಆಶೀರ್ವಾದ ಮಾಡು, ಅವನಿಗೆ ಗೊತ್ತಾಗ್ತದೆ. ಬೇಗ, ಮಗುವಿನ ತಲೆ ಕಾಯ್ತಾ ಉಂಟು. ಗಂಜಿಯೂ ಆರ್ತಾ ಉಂಟು."

ಸುನಂದಕ್ಕ ಅಳುತ್ತಲೇ ನಕ್ಕರು. ಜೋಳದ ಹಿಟ್ಟಿನ ವಾಸನೆಯ ತಣ್ಣಗಿನ ಕೈಯೊಂದು ನನ್ನ ತಲೆಯ ಮೇಲೆ ಬಂತು. "ದೇವ್ರು ಛಲೋ ಮಾಡ್ಲಿ," ಎಂದರು. ಆಮೇಲೆ ತಾವೇ ಅಜ್ಜಿಯ ಮುಂದೆ ಕೈಮುಗಿದು ತಲೆ ಬಗ್ಗಿಸಿದರು.

ಮರುದಿನದ ಸ್ಕ್ಯಾನ್ ಚೆನ್ನಾಗಿಯೇ ಬಂತು. ಅದಕ್ಕೆ ನನ್ನ ತಲೆಯೇ ಕಾರಣವೆಂದು ಶಾಲೆಯಲ್ಲಿ ಜಂಬ ಕೊಚ್ಚಿಕೊಂಡೆ. ಹೆದರಿಕೆಯೇನೂ ಸುನಂದಕ್ಕನನ್ನು ಬಿಟ್ಟುಹೋಗಲಿಲ್ಲ. ಆದರೆ ಅವರು ಮೆಟ್ಟಿಲಿಳಿದು ನಮ್ಮ ಜೊತೆ ಚಾಪೆಯ ಮೇಲೆ ಕೂರತೊಡಗಿದರು, ಊಟವನ್ನೂ ಮಾಡತೊಡಗಿದರು. ಅಜ್ಜಿ ಊರಿಗೆ ಮರಳುವ ಮುಂಚೆಯೇ ಅವರಿಗೆ ಮಗಳು ಹುಟ್ಟಿದಳು. ಆ ಪುಟ್ಟ ತಲೆಯ ಮೇಲೆ ಕೈಯಿಡಲು ಸುನಂದಕ್ಕ ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

ಈಗ ಅಜ್ಜಿಯಿಲ್ಲ, ಮಮ್ಮಿಯೂ ಇಲ್ಲ. ಕಿಂಗ್ಸ್‌ಬರಿಯ ನನ್ನ ಫ್ಲ್ಯಾಟಿನಲ್ಲಿ ನಾನೇ ಹಿರಿಯಳು. ನನ್ನ ಮಕ್ಕಳು ಗುಡ್‌ನೈಟ್ ಎಂದು ಹೇಳಿ ಬಾಗಿಲು ಹಾಕಿಕೊಳ್ಳುತ್ತಾರೆ. ಹೋದ ತಿಂಗಳು ನನಗೊಂದು ಆಪರೇಷನ್ ಇತ್ತು. ಧೈರ್ಯ ಹೇಳುವ ಮೆಸೇಜುಗಳಿಂದ ಫೋನ್ ತುಂಬಿಹೋಯಿತು. ಆದರೂ ಹೆದರಿಕೆ ಹೋಗಲಿಲ್ಲ. ಧಾರವಾಡಕ್ಕೆ ಮರಳಿರುವ ಸುನಂದಕ್ಕನಿಗೆ ವಿಡಿಯೋ ಕಾಲ್ ಮಾಡಿದೆ.

"ಅಂಜಿಕಿ ಆಗೇತೇನವ್ವಾ? ಆಗಲಿ. ತಲಿ ಬಗ್ಗಸು," ಎಂದು ಅಂಗೈಯನ್ನು ಫೋನಿನ ಹತ್ತಿರ ತಂದರು. "ದೇವ್ರು ಛಲೋ ಮಾಡ್ಲಿ."

ಮಾತು ಅಷ್ಟು ದೂರದಿಂದ ಸರಿಯಾಗಿಯೇ ಬಂದು ಮುಟ್ಟಿತು. ಕಾಲ್ ಮುಗಿದ ಮೇಲೂ ನಾನು ತಲೆ ಬಗ್ಗಿಸಿಯೇ ಕೂತಿದ್ದೆ, ಆ ಕೈಗಾಗಿ.