ಏರುವ ಸಂಖ್ಯೆ ಇಳಿದ ಮಧ್ಯಾಹ್ನ

ಮೊನ್ನೆ ಅಡುಗೆಮನೆಯಲ್ಲಿ ಮಿಕ್ಸಿ ಕಾದು ಬಿಸಿ ಧೂಳಿನ ವಾಸನೆ ಬಂತು. ಹೆಂಡತಿ ಸ್ವಿಚ್ ಆರಿಸಿದಳು. ನನಗೆ ಮಾತ್ರ ಯಲಹಂಕ ನ್ಯೂಟೌನಿನ ಬೇಕರಿ ಮೇಲಿನ ಆ ಆಫೀಸು ನೆನಪಾಯಿತು.

ಯಶವಂತಪುರಕ್ಕೆ ಇನ್ನೂ ಮೆಟ್ರೋ ಬಂದಿರದ ಕಾಲ. ಅಟ್ಟೂರಿನ ಬಡಾವಣೆಗಳಿಗೆ ಇಂಟರ್ನೆಟ್ ಕೊಡುವ ಸಣ್ಣ ಕಂಪನಿ ನಮ್ಮದು. ಲೈನಿನಲ್ಲಿ ಎಷ್ಟು ಟ್ರಾಫಿಕ್ ಹೋಗುತ್ತಿದೆ ಎಂದು ಗ್ರಾಫ್ ತೋರಿಸುವ ಕೆಲಸ ನನ್ನದು. ಗ್ರಾಹಕರ ದೂರು ಕೇಳುವವರು ಗದಗದ ಕಡೆಯ ಒಬ್ಬ ಮೇಡಂ. ನನಗಿಂತ ಹತ್ತು ವರ್ಷ ದೊಡ್ಡವರು, ನನ್ನನ್ನು ತಮ್ಮಾ ಎನ್ನುತ್ತಿದ್ದರು. ಇಂಟರ್ನೆಟ್ ತೆವಳುತ್ತಿದೆ ಎಂದು ದಿನವಿಡೀ ಅವರಿಗೆ ಬೈಗುಳ. ಲೈನ್ ತುಂಬಿದೆ ಎಂದು ಅವರು ಬರೆದುಕೊಟ್ಟರೆ ಬಾಸ್ ನನ್ನ ಗ್ರಾಫ್ ನೋಡುತ್ತಿದ್ದರು. ಅದರಲ್ಲಿ ಲೈನು ಮುಕ್ಕಾಲು ಪಾಲಿಗಿಂತ ಹೆಚ್ಚು ಖಾಲಿ. ಕೆಲಸ ಬಾರದೆ ಕುಂಟುನೆಪ ಹೇಳುತ್ತೀರಿ ಎಂದು ಮೇಡಂಗೆ ಒಂದು ತಿಂಗಳ ಗಡುವು ಕೊಟ್ಟರು.

ವಿಚಿತ್ರವೆಂದರೆ, ರೂಟರ್ ಮುಟ್ಟಿದರೆ ಸುಡುತ್ತಿತ್ತು, ಬಿಸಿ ಧೂಳಿನ ವಾಸನೆ ಬರುತ್ತಿತ್ತು, ಅದರ ಫ್ಯಾನು ಅರಚುತ್ತಿತ್ತು... ಪರದೆಯ ಮೇಲಿನ ಗೆರೆ ಮಾತ್ರ ನಿದ್ದೆ ಹೋದವರ ಉಸಿರಿನಷ್ಟು ಮೆಲ್ಲಗೆ.

ಒಂದು ಮಧ್ಯಾಹ್ನ ಮೇಡಂ ವಾಚು ಬಿಚ್ಚಿ ನನ್ನ ಮೇಜಿನ ಮೇಲಿಟ್ಟರು. ಗ್ರಾಫ್ ಬೇಡ, ರೂಟರಿನ ಕೌಂಟರನ್ನೇ ಹತ್ತು ಹತ್ತು ಸೆಕೆಂಡಿಗೆ ತೋರಿಸು ಎಂದರು. ಹಾದುಹೋದ ಪ್ರತಿ ಬೈಟನ್ನೂ ಎಣಿಸಿ ಕೂಡಿಸುವ ಸಂಖ್ಯೆ ಅದು, ಏರಬೇಕೇ ಹೊರತು ಇಳಿಯುವಂತಿಲ್ಲ. ಏರಿತು, ಮತ್ತೆ ಏರಿತು. ನಾಲ್ಕನೆಯ ಸಲ ನೋಡಿದರೆ ಇಳಿದಿತ್ತು.

"ತಮ್ಮಾ, ನಂಬರ್ ಹಿಂದಕ್ಕ ಹೋತು ನೋಡು."

ನನಗೆ ಭಯವಾಯಿತು. ರೂಟರ್ ಆಫ್ ಆಗಿ ಆನ್ ಆಗಿರಬೇಕು ಎಂದುಬಿಟ್ಟೆ. ಹಾಗಾಗಿದ್ದರೆ ಇಂಟರ್ನೆಟ್ ಕಡಿದು ಎಲ್ಲ ಫೋನುಗಳೂ ಒಟ್ಟಿಗೇ ಹೊಡೆದುಕೊಳ್ಳಬೇಕಿತ್ತಲ್ಲ ಎಂದು ಅವರು ಕೇಳಿದರು. ಆದರೂ ಮೇಡಂ ಹೇಳಿದ್ದು ನಿಜವೇ ಎಂದು ಬಾಸ್ ಕರೆದು ಕೇಳಿದಾಗ ಗ್ರಾಫ್ ಸರಿಯಿದೆ, ಮೇಡಂ ನಂಬರ್ ತಪ್ಪಾಗಿ ಓದಿರಬೇಕು ಅಂದೆ. ನಾನು ಕಟ್ಟಿದ ಗ್ರಾಫಿಗಿಂತ ಅವರ ವಾಚು ದೊಡ್ಡದೇ ಎಂಬ ಜಂಬ ನನಗೆ. ತಿಂಗಳು ತುಂಬಿತು, ಅವರು ಹೋದರು.

ಆಮೇಲೆ ಗೊತ್ತಾಯಿತು. ಹಳೆ ಸ್ಕೂಟರಿನ ಮೀಟರು ಒಂಬತ್ತುಗಳೆಲ್ಲ ತುಂಬಿದ ಮೇಲೆ ಸೊನ್ನೆಗೆ ಮರಳುತ್ತದಲ್ಲ, ಆ ಕೌಂಟರೂ ಹಾಗೆಯೇ ಚಿಕ್ಕದು. ನಮ್ಮ ಲೈನಿನ ವೇಗಕ್ಕೆ ಅರ್ಧ ನಿಮಿಷದಲ್ಲಿ ತುಂಬಿ ಮತ್ತೆ ಸೊನ್ನೆಯಿಂದ ಶುರು. ನನ್ನ ಪ್ರೋಗ್ರಾಂ ಇಣುಕುತ್ತಿದ್ದುದು ಐದು ನಿಮಿಷಕ್ಕೊಮ್ಮೆ. ನಡುವೆ ಎಂಟು ಸುತ್ತು ಸುತ್ತಿದ್ದರೂ ಅದಕ್ಕೆ ತಿಳಿಯುತ್ತಿರಲಿಲ್ಲ, ಕೊನೆಗೆ ಉಳಿದ ಚೂರನ್ನಷ್ಟೇ ಲೆಕ್ಕ ಹಿಡಿಯುತ್ತಿತ್ತು. ಅದೇ ರೂಟರಿನಲ್ಲಿ ದೊಡ್ಡ ಕೌಂಟರೂ ಇತ್ತು. ಪ್ರೋಗ್ರಾಂ ಅದನ್ನು ಓದುವಂತೆ ಒಂದೇ ಒಂದು ಸಾಲು ಬದಲಿಸಿದೆ. ಗೆರೆ ಎದ್ದು ಮೇಲಿನ ಅಂಚಿಗೆ ಹೋಗಿ ಅಲ್ಲೇ ನಿಂತಿತು, ಅಲುಗಾಡಲಿಲ್ಲ... ಬಾಸ್ ಹೊಸ ಲೈನ್ ಹಾಕಿಸಿ ನನ್ನ ಬೆನ್ನು ತಟ್ಟಿದರು. ಮೇಡಂ ವಿಷಯ ನಾನು ಎತ್ತಲಿಲ್ಲ.

ಹೋದ ತಿಂಗಳು ಯಶವಂತಪುರ ಸ್ಟೇಷನ್ನಿನಲ್ಲಿ, ಆಗ ಆಫೀಸಿಗೆ ಆಗಾಗ ಬರುತ್ತಿದ್ದ ಮೇಡಂ ಅವರ ತಂಗಿ ಸಿಕ್ಕರು. ಅಕ್ಕ ತೀರಿಕೊಂಡು ಎರಡು ವರ್ಷವಾಯಿತಂತೆ. ನಮ್ಮಲ್ಲಿಂದ ಹೋದ ಮೇಲೆ ಬೇರೆಲ್ಲೂ ಕೆಲಸಕ್ಕೆ ಸೇರಲೇ ಇಲ್ಲವಂತೆ. ಯಾಕೆ ಎಂದೆ.

"ಅಕ್ಕಗ ತನ್ನ ಕಣ್ಣಿನ ಮ್ಯಾಲೆ ನಂಬಿಕಿ ಹೋಗಿತ್ರೀ. ಗ್ಯಾಸ್ ಬಂದ್ ಮಾಡಿದ್ರೂ ನಾಕ್ ನಾಕ್ ಸಲ ಎದ್ದು ನೋಡಿ ಬರ್ತಿದ್ಲು."

ನನ್ನ ರೈಲು ಬಂತು. ಮೇಡಂ ಓದಿದ್ದು ತಪ್ಪಾಗಿರಲಿಲ್ಲ ಎಂದು ಆಗಲೂ ಬಾಯಿ ಬಿಡಲಾಗಲಿಲ್ಲ. ಈಗ ಇಲ್ಲಿ ಬರೆದಿದ್ದೇನೆ, ಓದಬೇಕಾದವರು ಇಲ್ಲ.