ಮದುವೆ ಕಾಗದದ ಎರಡನೆಯ ಸಾಲು

ನನ್ನ ಮದುವೆಯ ಆಮಂತ್ರಣದ ಕಾಗದ ಸರ್ಕಾರದ ಪರಿಶೀಲನೆಗೆ ಹೋಗಿ ಹನ್ನೊಂದು ದಿನವಾಗಿತ್ತು. ಆಗಿನ ಗೋವೆಯಲ್ಲಿ ಪೋರ್ಚುಗೀಸರ ಮೊಹರು ಬೀಳದೆ ಮದುವೆಯ ಕಾಗದವೂ ಅಚ್ಚಾಗುತ್ತಿರಲಿಲ್ಲ. ಹನ್ನೆರಡನೆಯ ದಿನ ಕಾಗದದ ಬದಲು ಪೊಲೀಸಿನವನೇ ಬಂದ. "ಪದ್ಯ ಬರ್ದೋರು ನಾಳೆ ಹತ್ತಕ್ಕೆ ಠಾಣೆಗೆ ಬರ್ಬೇಕಂತೆ."

ಬರೆದವನು ನನ್ನ ಸೋದರಮಾವ ಇನಾಸಿಯು, ಮಡಗಾಂವದಲ್ಲಿ ಕೋಟು ಹೊಲಿಯುವ ದರ್ಜಿ, ಊರಿಗೆಲ್ಲ 'ಮೇಸ್ತ'. ಕಾಗದದ ಮೇಲೆ ಎರಡೇ ಸಾಲು ಬರೆದಿದ್ದ:

ಮಗಳೇ, ಹೊಸ ಮನೆಗೆ ನೀನೇ ಒಡತಿಯಾಗು,
ನಮ್ಮ ಒಲೆಗೆ ಬೇರೆಯವರು ಒಡೆಯರಾದದ್ದು ಸಾಕು.

"ಎರಡನೇದು ಯಾಕೆ ಬೇಕಿತ್ತು ನಿಮ್ಗೆ?" ಎಂದು ಮಾವನ ಹೆಂಡತಿ ಎಸ್ಪೆರಾನ್ಸಾ ಅತ್ತೆ ಅತ್ತಳು.

"ಅದು ತಾನಾಗೇ ಬಂತು ಕಣೇ," ಎಂದ ಮಾವ. ಸೂಜಿಗೆ ದಾರ ಪೋಣಿಸಲು ಮೂರು ಸಲ ನೋಡಿ ಅದನ್ನು ಕೆಳಗಿಟ್ಟ.

ನಿಜವಾದ ಭಯ ಕಾಗದದ್ದಲ್ಲ, ಬಟ್ಟೆಯ ಪೆಟ್ಟಿಗೆಯ ತಳದಲ್ಲಿದ್ದ ಮಾವನ ನೋಟುಬುಕ್ಕಿನದು. ಕೊಂಕಣಿ ಮಾತಾಡಿದ್ದಕ್ಕೆ ಶಾಲೆಯಲ್ಲಿ ತಿಂದ ಪೆಟ್ಟು, ಮುರಿದ ದೇಗುಲದ ಕಲ್ಲಿನ ಮೇಲೆ ಎದ್ದ ಇಗರ್ಜಿಯಲ್ಲಿ ತಾನು ಮೊಣಕಾಲೂರುವಾಗಿನ ತಳಮಳ, ಬೀಸುವ ಹಾಡು ಮರೆತು ರೇಡಿಯೋಗೆ ಕಿವಿಗೊಟ್ಟ ಹೆಂಗಸರು, ಎಲ್ಲವನ್ನೂ ಹದಿಮೂರು ವರ್ಷದಿಂದ ಅದರಲ್ಲಿ ಬರೆದಿಟ್ಟಿದ್ದ. 'ನಾವು ಮೂರು ಭಾಷೆಯಲ್ಲಿ ನಮಸ್ಕರಿಸುತ್ತೇವೆ, ಒಂದೇ ಭಾಷೆಯಲ್ಲಿ ಹೆದರುತ್ತೇವೆ' ಎಂಬ ಸಾಲೊಂದಿತ್ತು. ಅಷ್ಟು ಸಾಕಿತ್ತು, ಜೈಲಿಗೆ.

ಮರುದಿನ ನಾನೂ ಜೊತೆಗೆ ಹೋದೆ. ಠಾಣೆಯ ಮೆಟ್ಟಿಲಲ್ಲಿ ಮಾವ ನನ್ನ ತೋಳು ಹಿಡಿದುಕೊಂಡ. ಒಳಗೆಲ್ಲೋ ಯಾರೋ ಒಮ್ಮೆ ಕೂಗಿ ಸುಮ್ಮನಾದರು.

ಬಿಳಿಯ ಅಧಿಕಾರಿ ಎರಡನೆಯ ಸಾಲಿನ ಮೇಲೆ ಬೆರಳಿಟ್ಟು ಏನೋ ಗದರಿದ. ಪಕ್ಕದಲ್ಲಿದ್ದ ನಮ್ಮವನೇ ಆದ ಗುಮಾಸ್ತ ವಾಮನ ಧುಮೆ ಕೊಂಕಣಿಯಲ್ಲಿ ಕೇಳಿದ, "ಈ ಒಡೆಯರು ಯಾರು ಅಂತ ಕೇಳ್ತಿದಾರೆ ಮೇಸ್ತ."

ಮಾವ ತನ್ನ ಕೋಟಿನ ಗುಂಡಿ ತಿರುವತೊಡಗಿದ. ಧುಮೆ ಅವನನ್ನೇ ನೋಡಿದ. ಆಮೇಲೆ ಅಧಿಕಾರಿಯ ಕಡೆ ತಿರುಗಿ ಪೋರ್ಚುಗೀಸಿನಲ್ಲಿ, ಶಾಲೆಯಲ್ಲಿ ಅದನ್ನು ಕಲಿತಿದ್ದ ನನಗೂ ತಿಳಿಯುವಷ್ಟು ನಿಧಾನವಾಗಿ ಹೇಳಿದ: "ಇದು ಈ ಮದುಮಗಳ ಅತ್ತೆ ವಿಷಯ, ಸ್ವಾಮಿ. ನಮ್ಮಲ್ಲಿ ಒಲೆ ಅತ್ತೇದೇ."

ಅಧಿಕಾರಿ ನನ್ನತ್ತ ನೋಡಿದ. "ಅಷ್ಟು ಕೆಟ್ಟೋಳೇನು ನಿನ್ನ ಅತ್ತೆ?"

ನನ್ನ ಗಂಡನಾಗುವವನ ತಾಯಿ, ಆ ಪುಣ್ಯಾತ್ಗಿತ್ತಿ, ಆ ವಾರವಷ್ಟೇ ನನಗೆ ಪದರು ಪದರಿನ ಸಿಹಿ ಬೆಬಿಂಕಾ ಕಳಿಸಿದ್ದಳು. "ತುಂಬಾ," ಎಂದೆ.

ಅವನು ನಕ್ಕ. ಎರಡನೆಯ ಸಾಲು ಹೊಡೆದುಹಾಕಿ ಮೊಹರು ಒತ್ತಿದ.

ಬಾಗಿಲ ಬಳಿ ಧುಮೆ ತುಟಿ ಅಲುಗಿಸದೆ, "ಮೇಸ್ತ, ಇನ್ಮೇಲೆ ಮೊದಲ್ನೇ ಸಾಲು ಮಾತ್ರ ಬರೀರಿ," ಎಂದ. ಅವನ ಕುತ್ತಿಗೆಯೂ ಬೆವತಿತ್ತು.

ಮನೆಗೆ ಬಂದರೆ ಸುಟ್ಟ ವಾಸನೆ. ಅತ್ತೆ ಒಲೆಯ ಮುಂದೆ ಕುಸಿದಿದ್ದಳು. "ಬೂಟಿನ ಸದ್ದು ಕೇಳಿಸ್ತು. ಹುಡುಕೋಕೆ ಬಂದ್ರು ಅಂದ್ಕೊಂಡೆ."

"ಬಂದಿದ್ರಾ?" ಎಂದ ಮಾವ.

"ಅಂಚೆಯವ್ನು ಕಣ್ರೀ."

ಮಾವ ಬೈಯಲಿಲ್ಲ. ನೋಟುಬುಕ್ಕಿನ ಬೂದಿಯನ್ನು ಕಡ್ಡಿಯಿಂದ ಕೆದಕುತ್ತಾ ಕೂತ. ಅವನು ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ.

ಆಗ ಅತ್ತೆ, ಓದು ಬರಹ ಬಾರದವಳು, ತಗ್ಗಿದ ದನಿಯಲ್ಲಿ ಅದರ ಸಾಲುಗಳನ್ನು ಬಾಯಿಪಾಠ ಹೇಳಲು ಶುರುಮಾಡಿದಳು. ಮಾವ ಹೊಲಿಗೆ ಯಂತ್ರ ತುಳಿಯುತ್ತಾ ಗೊಣಗಿದ್ದನ್ನೆಲ್ಲ ಅಷ್ಟು ವರ್ಷ ಕೇಳಿಸಿಕೊಂಡಿದ್ದಳು. ಅವನು ಕಿಟಕಿ ಮುಚ್ಚಿ, ಕೋಟಿನ ಅಳತೆಯ ಚೀಟಿಗಳ ಹಿಂಬದಿಯಲ್ಲಿ ಬರೆದುಕೊಂಡ. ನಾನು ಬಾಗಿಲಲ್ಲಿ ನಿಂತು ಬೀದಿ ಕಾದೆ. ಅರ್ಧದಷ್ಟು ಸಿಕ್ಕಿತು.

ಪೋರ್ಚುಗೀಸರು ಹೋದ ಮೇಲೂ ಮಾವ ಕಿಟಕಿ ತೆರೆದು ಬರೆದವನಲ್ಲ. ಕೇಳಿದರೆ, "ಗಾಳಿ ಜಾಸ್ತಿ ಕಣೇ," ಅನ್ನುತ್ತಿದ್ದ.